ನಾಗಂದಿಗಿ ಮೇಲಿನ ಗಂಟು

ಸವದತ್ತಿ ತಾಲೂಕಿನ ಉಗರಗೋಳದ ಸುತ್ತಮುತ್ತ ಹಳೆಯ ಮಾಳಿಗೆ ಮನೆಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಅಂಥ ಮನೆಯ ಪಡಸಾಲೆಯಲ್ಲಿ ಆಳೆತ್ತರಕ್ಕಿಂತ ಮೇಲೆ, ಗೋಡೆಯುದ್ದಕ್ಕೂ ಒಂದು ಹಲಗೆ ಇರುತ್ತದೆ. ಅದೇ ನಾಗಂದಿಗಿ. ಹಬ್ಬಕ್ಕಷ್ಟೇ ಕೆಳಗಿಳಿಯುವ ತಾಮ್ರದ ಕೊಡ, ಶಾವಿಗೆಯ ಡಬ್ಬಿ, ಮುರಿದ ಕಾಲಿನ ಮಣೆ ಎಲ್ಲವೂ ಅದರ ಮೇಲೆ. ಇವುಗಳಲ್ಲಿ ಯಾವುದನ್ನು ಇಳಿಸಲು ಹೋದರೂ ಮೊದಲು ಮೈಮೇಲೆ ಬೀಳುವುದು ಮಾಸಿದ ಸೀರೆಯಲ್ಲಿ ಬಿಗಿದು ಕಟ್ಟಿದ ಹಳೆ ಅರಿವಿಯ ಗಂಟು.

ಮನೆಯ ಹುಡುಗರಿಗೆ ಈ ಗಂಟೆಂದರೆ ಕಿರಿಕಿರಿ. “ಇದನ್ನ ಹೊರಗ ಚೆಲ್ಲಬಾರದ?” ಎಂದು ಒಬ್ಬ ಕೂಗುತ್ತಾನೆ. ಒಳಗಿನಿಂದ ಉತ್ತರ ಬರುತ್ತದೆ: “ಚೆಲ್ಲಬ್ಯಾಡೋ ಯಪ್ಪಾ, ಅದರಾಗ ನಿಮ್ಮ ಅಜ್ಜನ ಧೋತರ ಐತಿ.”

ಆ ಉತ್ತರ ಸುಮ್ಮನೆ ಕೊಟ್ಟದ್ದಲ್ಲ. ಗಂಟಿನೊಳಗೆ ಏನಿದೆ, ಯಾರದಿದೆ, ಯಾವ ವರ್ಷದ್ದಿದೆ ಎಂಬುದೆಲ್ಲ ಉತ್ತರ ಕೊಟ್ಟ ಹೆಣ್ಣುಮಗಳಿಗೆ ಬಾಯಿಪಾಠ. ಅಜ್ಜನ ಧೋತರದ ಕೆಳಗೆ ಹಿರೇ ಮಗಳು ಮೊದಲ ಸಲ ಶಾಲೆಗೆ ಹಾಕಿಕೊಂಡು ಹೋದ ಲಂಗ, ಅದರ ಕೆಳಗೆ ಸೀಮಂತದ ಹಸಿರು ಖಣ, ಬುಡದಲ್ಲಿ ತವರಿನಿಂದ ಉಡಿ ತುಂಬಿ ಕಳಿಸಿದ ಸೀರೆಯ ಸೆರಗು. ಮನೆಯ ಚರಿತ್ರೆಯನ್ನು ಯಾರೂ ಬರೆದಿಟ್ಟಿಲ್ಲ. ಬರೆಯದೆ ಉಳಿದದ್ದರಲ್ಲಿ ಬಹಳಷ್ಟು ಈ ಗಂಟಿನಲ್ಲಿದೆ.

ಗಂಟು ಬಿಚ್ಚುವುದಕ್ಕೂ ಒಂದು ಕಾಲವಿದೆ. ಹಿಂಗಾರಿ ಸುಗ್ಗಿ ಮುಗಿಯಬೇಕು, ಜೋಳ ಮನೆ ಸೇರಬೇಕು, ಬಿಸಿಲು ಏರಿ ಹೊಲದ ಕೆಲಸ ಕಡಿಮೆಯಾಗಬೇಕು. ಊಟವಾದ ಮೇಲೆ ಕಟ್ಟೆಯ ನೆರಳಲ್ಲಿ ಗಂಟು ಇಳಿಯುತ್ತದೆ. ಸೊಸೆ ಒಂದೊಂದೇ ಅರಿವಿ ಎತ್ತಿ ಬೆಳಕಿಗೆ ಅಡ್ಡ ಹಿಡಿಯುತ್ತಾಳೆ. ಅತ್ತೆ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಉಜ್ಜುತ್ತಾಳೆ, ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಜಗ್ಗುತ್ತಾಳೆ. ಆಮೇಲೆ ತೀರ್ಪು: “ಇದು ಕುಂಚಗಿಗಿ.” “ಇದು ಕೌದಿ ಒಳಗ ಹಾಕೂಣ.” “ಇದು ಭಾಳ ಜೀರ್ಣ ಆಗೇತಿ, ಸಿಂಬಿಗಷ್ಟ ಬರತೈತಿ ನೋಡವ್ವ.” ಕಸಬಿನ ಬಹುಪಾಲು ಈ ತೀರ್ಪಿನಲ್ಲೇ ಇದೆ. ಸೂಜಿ ಹಿಡಿಯುವುದನ್ನು ಒಂದು ಬೇಸಿಗೆಯಲ್ಲಿ ಯಾರೂ ಕಲಿತಾರು. ಯಾವ ಅರಿವಿ ಇನ್ನೇನಾಗಬಲ್ಲದು ಎಂದು ಮುಟ್ಟಿ ಹೇಳುವ ಬೆರಳು ಮಾತ್ರ ಹತ್ತಿಪ್ಪತ್ತು ವರ್ಷ ಕೇಳುತ್ತದೆ. ಹಳೆ ಬಟ್ಟೆಯಿಂದ ಅಲಂಕಾರದ ವಸ್ತು ಮಾಡುವುದನ್ನು ಇಂದು ಅನೇಕರು ಬಿಡುವಿನ ವೇಳೆಯ ಹವ್ಯಾಸವೆಂದು ಹೇಳುತ್ತಾರೆ. ಈ ಕಟ್ಟೆಯ ಮೇಲೆ ಕೂತವರು ಅದನ್ನು ವಿದ್ಯೆಯ ಮಟ್ಟಕ್ಕೆ ಏರಿಸಿದ್ದಾರೆ.

ಇಳಕಲ್ ಸೀರೆಯನ್ನೇ ನೋಡಬಹುದು. ಈ ಭಾಗದ ಹಿರಿಯ ಹೆಣ್ಣುಮಕ್ಕಳು ಉಟ್ಟು ಬಂದದ್ದು ಒಂಬತ್ತು ಗಜದ, ಅಂದರೆ ಹದಿನೆಂಟು ಮೊಳದ ಸೀರೆ. ಅದರ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಕೊಂಡಿಯಾಗಿ ಸಿಕ್ಕಿಸಿ ನೇಯುವುದು ಇಳಕಲ್ ಊರಿನ ನೇಕಾರರ ವಿಶೇಷ. ಗೋಮಿ, ಗಾಡಿ, ಪರಾಸಪೇಟ ಎಂದೆಲ್ಲ ಹೆಸರಿರುವ ದಡಿಗಳನ್ನು ಒಡಲಿಗಿಂತ ಒತ್ತಾಗಿ ನೇಯ್ದಿರುತ್ತಾರೆ. ಹಾಗಾಗಿ ಇಡೀ ಸೀರೆ ಒಂದೇ ಸಲ ಹಳತಾಗುವುದಿಲ್ಲ. ಕಳೆ ತೆಗೆಯುವಾಗ, ಹತ್ತಿ ಬಿಡಿಸುವಾಗ, ಒಲೆ ಮುಂದೆ ಕೂತಾಗ ನೆಲಕ್ಕೆ ತಾಗುವ ಭಾಗ ಮೊದಲು ಸವೆಯುತ್ತದೆ. ನಡುವಿನ ಒಡಲು ಮೆತ್ತಗಾಗುತ್ತದೆ, ಹರಿಯುವುದಿಲ್ಲ. ಕೆಂಪು ಸೆರಗು ಹೆಚ್ಚುಕಡಿಮೆ ಹೊಸದರಂತೆಯೇ ಇರುತ್ತದೆ, ದಡಿಯಂತೂ ಎಲ್ಲಕ್ಕಿಂತ ಗಟ್ಟಿ. ಒಂದೇ ಸೀರೆಯಲ್ಲಿ ನಾಲ್ಕು ವಯಸ್ಸಿನ ಬಟ್ಟೆ! ಇದನ್ನು ಅರಿತವಳು ಕತ್ತರಿ ಹಾಕುವ ಮುಂಚೆಯೇ ನಾಲ್ಕು ಬೇರೆ ಬೇರೆ ವಸ್ತುಗಳನ್ನು ಕಂಡಿರುತ್ತಾಳೆ. ದಡಿ ಬಿಚ್ಚಿದರೆ ಚೀಲದ ಹಿಡಿಕೆಯಾಗುತ್ತದೆ, ಬಾಗಿಲ ಪರದೆಯ ಅಂಚಾಗುತ್ತದೆ. ಸೆರಗು ದೇವರ ಜಗಲಿಯ ಹಿಂದಿನ ಗೋಡೆಗೆ ಹೋಗುತ್ತದೆ, ಇಲ್ಲವೆ ಎಲೆ-ಅಡಿಕೆಯ ಚಂಚಿಯಾಗುತ್ತದೆ. ನೆಲಕ್ಕೆ ತಾಗಿ ಸವೆದ ಭಾಗ ಕಾಲೊರಸು. ಮೆತ್ತಗಿನ ನಡುಭಾಗ ಮಾತ್ರ ಯಾರ ಕೈಗೂ ಸಿಗದಂತೆ ಪಕ್ಕಕ್ಕೆ ಸರಿಯುತ್ತದೆ, ಏಕೆಂದರೆ ಮನೆಯಲ್ಲಿ ಯಾರಾದರೂ ಬಸುರಿಯಾಗಿಯೇ ಆಗುತ್ತಾರೆ.

ಹುಟ್ಟಿದ ಕೂಸಿಗೆ ಹೊಸ ಬಟ್ಟೆ ತಾಗಿಸಲು ಇಲ್ಲಿಯ ಅಜ್ಜಿಯರ ಮನಸ್ಸು ಒಪ್ಪುವುದಿಲ್ಲ. ಹೊಸ ಬಟ್ಟೆಯ ಗಂಜಿ ಎಳೆ ಚರ್ಮವನ್ನು ತರಚುತ್ತದೆ. ನೂರಾರು ಒಗೆತ ಕಂಡ ಹತ್ತಿಯಲ್ಲಿ ಗಂಜಿಯೂ ಇರುವುದಿಲ್ಲ, ಬಿರುಸೂ ಇರುವುದಿಲ್ಲ. ಅದು ಒದ್ದೆಯನ್ನು ಹೀರುತ್ತದೆ, ಬೇಗ ಒಣಗುತ್ತದೆ. ಅದಕ್ಕೇ ಅಜ್ಜಿಯ ಸೀರೆಯ ಒಡಲು ಕೂಸಿನ ಕೆಳಹಾಸು, ಕುಲಾವಿ, ಕುಂಚಗಿಯ ಅಸ್ತರಿ ಆಗುವುದು. ಕುಂಚಗಿಯನ್ನು ಕಂಡವರಿಗೆ ಅದರ ಚೆಲುವು ಗೊತ್ತು. ತಲೆಯ ಮೇಲೆ ಕೂತು ಬೆನ್ನ ಮೇಲೆ ಇಳಿಬೀಳುವ ಆ ಹೊದಿಕೆಗೆ ಹೊರಗೆ ಖಣದ ಬಣ್ಣ, ಅಂಚಿಗೆ ಹಳೆ ದಡಿ, ತುದಿಗೆ ಚಿಂದಿಯಿಂದ ಕಟ್ಟಿದ ಗೊಂಡೆ. ಕಸೂತಿ ಬಲ್ಲ ಮನೆಯಾದರೆ ಹಳೆ ಇಳಕಲ್ ಸೆರಗಿನ ತೇರು, ಆನೆ, ತುಳಸಿಕಟ್ಟೆಗಳನ್ನು ಕತ್ತರಿಸಿ ಅಲ್ಲಿ ಕೂಡಿಸುತ್ತಾರೆ. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಬಗೆಯ ಹೊಲಿಗೆಗಳ ಧಾರವಾಡದ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವುದಿಲ್ಲ. ಗವಂತಿ, ಮುರಗಿಗಳಲ್ಲಿ ಬಟ್ಟೆಯ ಒಳಮೈ ಹೊರಮೈ ಎರಡೂ ಒಂದೇ ಆಗಿ ಕಾಣುತ್ತವೆ. ಕೂಸಿನ ನೆತ್ತಿಗೆ ಒತ್ತುವಂಥದ್ದು ಏನೂ ಇರದ ಕಾರಣ ಆ ತುಣುಕು ಕುಂಚಗಿಗೆ ಹೇಳಿ ಮಾಡಿಸಿದ ಹಾಗಿರುತ್ತದೆ.

ಉಳಿದ ದೊಡ್ಡ ಪಾಲು ಕೌದಿಗೆ.

ಕೌದಿಯ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಕೆಳಗೆ ಒಂದು ಇಡೀ ಸೀರೆ ಹಾಸಿ, ಅದರ ಮೇಲೆ ಧೋತರ, ಪಂಜೆ, ಹಳೆ ಲುಂಗಿಗಳ ಪದರ ಹರಡಿ, ಎಲ್ಲಕ್ಕಿಂತ ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ಸುರುಮಾಡಿ ಸುತ್ತು ಹಾಕುತ್ತ ನಡುವಿಗೆ ಬರುವ ಸಾಲುಹೊಲಿಗೆ ಅದು. ಒಂದು ಸಾಲಿಗೂ ಇನ್ನೊಂದು ಸಾಲಿಗೂ ಬೆರಳಗಲದ ಅಂತರ. ಅಂತರ ಹಿಗ್ಗಿದರೆ ಒಳಗಿನ ಪದರ ಒಗೆಯುವಾಗ ಮುದ್ದೆಯಾಗುತ್ತದೆ. ತೀರ ಕುಗ್ಗಿದರೆ ಕೌದಿ ಬಿರುಸಾಗಿ ಮೈಗೆ ಹೊಂದುವುದಿಲ್ಲ. ಬಣ್ಣದ ತುಂಡುಗಳನ್ನು ಕೂಡಿಸುವಾಗಿನ ಮಾತುಕತೆಯೇ ಒಂದು ಸಂಭ್ರಮ. ಕೆಂಪಿನ ಪಕ್ಕ ಹಳದಿ ಬರಬೇಕು, ಹಸಿರಿನ ಪಕ್ಕ ಕರಿ. “ಅಲ್ಲಿ ಕುಬಸದ್ದು ಹಚ್ಚ, ಇಲ್ಲಿ ಆ ಚುಕ್ಕಿ ಪರಕಾರದ್ದು” ಎಂದು ಕೂತವರೆಲ್ಲ ಹೇಳುವವರೇ. ಮುಗಿದ ಕೌದಿಯ ಮೇಲೆ ಮಗು ಮಲಗಿದಾಗ ಅವ್ವ ಒಂದೊಂದು ತುಂಡಿನ ಮೇಲೂ ಬೆರಳಿಟ್ಟು, ಇದು ನಿಮ್ಮ ಅತ್ತಿದು, ಇದು ಸಣ್ಣಪ್ಪನ ಅಂಗಿದು ಎಂದು ಗುರುತು ಹೇಳುತ್ತಾಳೆ. ಅನೇಕರು ತಾವು ಎಂದೂ ನೋಡದ ಬಂಧುಗಳನ್ನು ಮೊದಲು ತಿಳಿದುಕೊಂಡದ್ದು ಹೀಗೆಯೇ.

ಎಲ್ಲರ ಮನೆಯಲ್ಲೂ ಹೊಲಿಯಲು ಪುರುಸೊತ್ತು ಇರುವುದಿಲ್ಲ. ಬೇಸಿಗೆಯಲ್ಲಿ ಊರೂರಿಗೆ ಬರುವ ಕೌದಿ ಹೊಲಿಯುವ ಹೆಣ್ಣುಮಕ್ಕಳಿಗೆ ಗಂಟನ್ನು ಒಪ್ಪಿಸುವ ಮನೆಗಳೂ ಬೇಕಾದಷ್ಟಿವೆ. ಇವರಲ್ಲಿ ಗೋಂಧಳಿ ಸಮುದಾಯದವರು ಹೆಚ್ಚು. ಗುಡಿಯ ಪೌಳಿಯಲ್ಲೋ ಬೇವಿನ ಮರದ ನೆರಳಲ್ಲೋ ಅರಿವಿ ಹಾಸಿ, ಇಬ್ಬರು ಮೂವರು ಬೇರೆ ಬೇರೆ ಅಂಚು ಹಿಡಿದು ಕೂಡುತ್ತಾರೆ. ಮೊದಲು ಕೂಲಿ ಎಂದರೆ ಜೋಳ ಮತ್ತು ಎರಡು ಹೊತ್ತಿನ ರೊಟ್ಟಿ. ಈಗ ರೊಕ್ಕ. ಅಳತೆಪಟ್ಟಿ ಇಲ್ಲದೆ, ಗುರುತು ಹಾಕದೆ ಅವರು ಎಳೆಯುವ ಸಾಲು ಈ ಕಡೆಯಿಂದ ಆ ಕಡೆಗೆ ನೇರವಾಗಿ ಹೋಗುತ್ತದೆ. ಅವರ ಹೆಸರು ಯಾವ ಕೌದಿಯ ಮೇಲೂ ಇರುವುದಿಲ್ಲ. ಇರಬೇಕಿತ್ತು.

ಇಲ್ಲಿಂದ ಪಶ್ಚಿಮಕ್ಕೆ, ಖಾನಾಪುರದ ಕಾಡಿನ ಅಂಚಿನಿಂದ ಹಳಿಯಾಳ, ಯಲ್ಲಾಪುರ, ಮುಂಡಗೋಡದವರೆಗೆ ಸಿದ್ದಿ ಜನರಿದ್ದಾರೆ. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ಈ ಸಂತತಿಯ ಹೆಣ್ಣುಮಕ್ಕಳೂ ಕೌದಿ ಹೊಲಿಯುತ್ತಾರೆ, ಅದನ್ನು ಕವಂದಿ ಎನ್ನುತ್ತಾರೆ. ಅಂಚಿನಿಂದ ನಡುವಿಗೆ ಬರುವ ಹೊಲಿಗೆಯ ನಡೆ ಅದೇ. ಆದರೆ ನಾಲ್ಕೂ ಮೂಲೆಗೆ ಮಡಿಚಿದ ಬಟ್ಟೆಯ ಮುಕ್ಕೋನದ ಹೂವೊಂದನ್ನು ಅವರು ತಪ್ಪದೆ ಕೂಡಿಸುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಪೂರ್ತಿಯಾದದ್ದಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿದ್ದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವನ್ನು ಕಂಡು ಮನಸೋತರು. 2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘ ಹುಟ್ಟಿಕೊಂಡಿತು. 2011ರಲ್ಲಿ ಇದೇ ಹರಕು ಸೀರೆ, ಹರಕು ಲುಂಗಿಗಳ ಕವಂದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದ ಗೋಡೆಗಳನ್ನು ತುಂಬಿದವು.

ಅದೇ ಅಮೆರಿಕದ ಅಲಬಾಮಾ ರಾಜ್ಯದಲ್ಲಿ, ನದಿಯೊಂದು ಕೊಕ್ಕೆಯಂತೆ ತಿರುಗುವ ಕಡೆ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿ ತೋಟದಲ್ಲಿ ಗುಲಾಮರಾಗಿ ದುಡಿದವರ ವಂಶದವರು ಅಲ್ಲಿ ನೆಲೆನಿಂತಿದ್ದಾರೆ. ಅಲ್ಲಿಯ ಮಿಸೌರಿ ಪೆಟ್‌ವೇ ಎಂಬ ಹೆಣ್ಣುಮಗಳು 1942ರಲ್ಲಿ, ತೀರಿಹೋದ ಗಂಡನ ಹೊಲದ ಕೆಲಸದ ಬಟ್ಟೆಗಳನ್ನು ಬಿಚ್ಚಿ, ಅವನ ನೆನಪು ಹೊದ್ದು ಮಲಗಬೇಕೆಂದು ಕೌದಿ ಹೊಲಿದಳು. ಆ ಹಳ್ಳಿಯ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು, 2006ರಲ್ಲಿ ಅಮೆರಿಕದ ಅಂಚೆಚೀಟಿಗಳ ಮೇಲೂ ಬಂದವು. ಉಗರಗೋಳದ ಕಟ್ಟೆಯ ಮೇಲೆ ಕೂತವಳಿಗೆ ಈ ಕಥೆ ಹೇಳಿದರೆ ಅವಳಿಗೆ ಅಂಚೆಚೀಟಿಯ ವಿಷಯ ಬೆರಗು ತಂದೀತೇ ಹೊರತು ಗಂಡನ ಅಂಗಿಯ ವಿಷಯ ತರಲಿಕ್ಕಿಲ್ಲ. ಗಂಟಿನಲ್ಲಿ ಧೋತರ ಉಳಿದದ್ದು ಏಕೆಂದು ಅವಳಿಗೆ ಗೊತ್ತು.

ಈ ಎರಡು ಹತ್ತಿಸೀಮೆಗಳ ನಡುವೆ ಇನ್ನೊಂದು ನಂಟೂ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರು ಅಮೆರಿಕದ ಹತ್ತಿಬೀಜ ತರಿಸಿ ಧಾರವಾಡ ಸೀಮೆಯ ಹೊಲಗಳಲ್ಲಿ ಬಿತ್ತಿಸಿದರು. ಅದು ಧಾರವಾಡ-ಅಮೆರಿಕನ್ ಎಂಬ ಹೆಸರಿನಿಂದಲೇ ಪೇಟೆಯಲ್ಲಿ ನಡೆಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿನ ಗಿರಣಿಗಳಿಗೆ ಬರುವುದು ನಿಂತಾಗ ಈ ನಾಡಿನ ಹತ್ತಿಗೆ ಬಂಗಾರದ ಬೆಲೆ ಬಂತು. ಬೈಲಹೊಂಗಲದ ಪೇಟೆಯಲ್ಲಿ ಹತ್ತಿಯ ಅಂಡಿಗೆಗಳು ಇಂದಿಗೂ ಇಳಿಯುತ್ತವೆ. ಹತ್ತಿ ಬೆಳೆದವರೇ ನೂತು, ಇಲ್ಲಿಯ ಮಗ್ಗಗಳಲ್ಲೇ ನೇಯಿಸಿ, ಉಟ್ಟು ಸವೆಸಿ, ಕೊನೆಗೆ ಅದನ್ನೇ ಹೊದ್ದುಕೊಳ್ಳುತ್ತಿದ್ದ ಕಾಲವೊಂದಿತ್ತು. ಹೊಲದಲ್ಲಿ ಅರಳಿದ್ದು ಹಾಸಿಗೆಯವರೆಗೆ ಬರುವಾಗ ಊರು ದಾಟುತ್ತಲೇ ಇರಲಿಲ್ಲ.

ಆ ಸರಪಳಿ ಪೂರ್ತಿ ಕಡಿದದ್ದು ಟೆರಿಕಾಟ್, ಪಾಲಿಯೆಸ್ಟರ್ ಬಂದ ಮೇಲೆ. ಇದು ಬರಿಯ ಹಳಹಳಿಕೆಯ ಮಾತಲ್ಲ, ಬೆರಳಿಗೆ ತಿಳಿಯುವ ಸಂಗತಿ. ನೈಲೆಕ್ಸ್ ಸೀರೆಯನ್ನು ಕೌದಿಯ ಮೇಲುಹಾಸಿಗೆ ಹಾಕಿದರೆ ಅದು ಜಾರುತ್ತದೆ, ಹೊಲಿಗೆ ನಿಲ್ಲುವುದಿಲ್ಲ. ಬೆವರನ್ನು ಹೀರುವುದಿಲ್ಲ, ಬೇಸಿಗೆಯಲ್ಲಿ ಕುದಿಸುತ್ತದೆ, ಒಲೆಯ ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತದೆ. ಸಿಂಬಿಗೂ ಬರುವುದಿಲ್ಲ, ಮಸಿ ಅರಿವಿಗೂ ಬರುವುದಿಲ್ಲ. ಮೂವತ್ತು ವರ್ಷ ಕಳೆದರೂ ಬಣ್ಣ ಹಾಗೇ ಇರುತ್ತದೆ, ಆದರೆ ಮೆತ್ತಗಾಗುವುದೇ ಇಲ್ಲ. ಸವೆಯುತ್ತ ಸವೆಯುತ್ತ ಒಳ್ಳೆಯದಾಗುವ ಗುಣ ಹತ್ತಿಯದು. ಪಾಲಿಯೆಸ್ಟರಿಗೆ ಅದಿಲ್ಲ. ಗಂಟಿನಲ್ಲಿ ಹತ್ತಿ ಕಡಿಮೆಯಾಗಿ ಜಾರುವ ಬಟ್ಟೆ ಹೆಚ್ಚಾದಂತೆ ಎಷ್ಟೋ ಮನೆಗಳು ಗಂಟು ಕಟ್ಟುವುದನ್ನೇ ಬಿಟ್ಟವು. ಹಳೆ ಅರಿವಿಗೆ ಸ್ಟೀಲಿನ ಭಾಂಡೆ ಕೊಡುವವರು ಓಣಿಗೆ ಬಂದಾಗ ಹತ್ತು ಸೀರೆಗೆ ಒಂದು ಬೋಗುಣಿ ಕೊಂಡು ನಿರಾಳರಾದರು.

ಆದರೂ ಬೆರಳು ಸುಮ್ಮನೆ ಕೂಡಲಿಲ್ಲ. ಇಲ್ಲಿಯ ಹೆಣ್ಣುಮಕ್ಕಳ ಬಗ್ಗೆ ಹೆಮ್ಮೆಪಡಬೇಕಾದದ್ದು ಇಲ್ಲಿಯೇ. ಹೊದೆಯಲು ಬಾರದ ಬಟ್ಟೆ ನೋಡಲು ಬಂದೀತಲ್ಲ ಎಂದು ಅವರು ಅದರ ಗುಣವನ್ನೇ ತಿರುಗಿಸಿ ನೋಡಿದರು. ಬಣ್ಣ ಮಾಸದ ಸೀರೆಯನ್ನು ಮೂರು ಸೀಳು ಮಾಡಿ ಜಡೆಯಂತೆ ಹೆಣೆದು, ಆ ಜಡೆಯನ್ನು ಸುರುಳಿ ಸುತ್ತಿ ಹೊಲಿದರೆ ಹೊಸ್ತಿಲ ಮುಂದಿನ ಕಾಲೊರಸು. ನೀರು ನಿಲ್ಲದ ಬಟ್ಟೆಯಾದ್ದರಿಂದ ಮಳೆಗಾಲದಲ್ಲಿ ಬೇಗ ಒಣಗುತ್ತದೆ. ಬನಿಯನ್, ಟೀ ಶರ್ಟ್ ಬಟ್ಟೆಯನ್ನು ಅಡ್ಡಕ್ಕೆ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಜಗ್ಗಿದರೆ ಅಂಚು ತಾನೇ ಒಳಗೆ ಸುರುಳಿಕೊಂಡು ದಪ್ಪ ದಾರವಾಗುತ್ತದೆ. ಅದನ್ನು ಕ್ರೋಶಾ ಕಡ್ಡಿಯಿಂದ ಹೆಣೆದರೆ ಬುಟ್ಟಿ, ಹೂಕುಂಡದ ಹೊದಿಕೆ, ಮೊಬೈಲಿನ ಚೀಲ. ಕಾಲೇಜಿಗೆ ಹೋಗುವ ಹುಡುಗಿಯರು ಅಮ್ಮನ ಹಳೆಯ ಗುಳೇದಗುಡ್ಡ ಖಣದ ಚೂರುಗಳನ್ನು ರಟ್ಟಿಗೆ ಸುತ್ತಿ ಕಿವಿಯೋಲೆ ಮಾಡಿಕೊಳ್ಳುತ್ತಾರೆ, ಕೂದಲ ಪಟ್ಟಿ ಹೊಲಿದುಕೊಳ್ಳುತ್ತಾರೆ. ಖಣದ ಅಗಲ ಕಿರಿದು, ನಕ್ಷೆ ಸಣ್ಣದು. ಕುಬಸಕ್ಕೆಂದೇ ನೇಯ್ದ ಆ ನಕ್ಷೆ ಅಂಗೈಯಗಲದ ವಸ್ತುವಿನ ಮೇಲೂ ಪೂರ್ತಿಯಾಗಿ ಕೂಡುವುದರಿಂದ ಇಂಥ ಕೆಲಸಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಅಣ್ಣನ ಹಳೆ ಜೀನ್ಸ್ ಪ್ಯಾಂಟಿನ ಕಿಸೆಗಳು ಬಾಗಿಲ ಹಿಂದೆ ಸಾಲಾಗಿ ಕೂತು ಬಾಚಣಿಗೆ, ಲೈಟ್ ಬಿಲ್ಲು, ಕತ್ತರಿ ಇಟ್ಟುಕೊಳ್ಳುತ್ತವೆ.

2020ರ ಏಪ್ರಿಲ್‌ನಲ್ಲಿ, ಮುಖಗವಸು ಅಂಗಡಿಯಲ್ಲಿ ಸಿಗದಾದಾಗ, ಮನೆಯಲ್ಲಿರುವ ಹಳೆಯ ಹತ್ತಿ ಬಟ್ಟೆಯಿಂದಲೇ ಹೊಲಿದುಕೊಳ್ಳಿ ಎಂದು ಕೇಂದ್ರ ಸರಕಾರ ಹೇಳಿತು. ಪಟ್ಟಣದವರು ಯಾವ ಬಟ್ಟೆ ಎಂದು ಯೋಚಿಸುವಷ್ಟರಲ್ಲಿ ಗಂಟು ಇದ್ದ ಮನೆಗಳಲ್ಲಿ ಧೋತರ ಹೊರಗೆ ಬಂದಿತ್ತು. ಉಸಿರಾಡಲು ಸುಲಭ, ಒಗೆದರೆ ಅರ್ಧ ತಾಸಿನಲ್ಲಿ ಒಣಗುತ್ತದೆ, ಮೂಗಿಗೆ ಚುಚ್ಚುವುದಿಲ್ಲ. ಹೊರಪದರಕ್ಕೆ ಖಣ ಹಾಕಿ, ಮುಖಗವಸನ್ನೂ ಅಂದವಾಗಿಸಿದವರಿದ್ದರು.

ಅಂದದ ಮಾತು ಬಂದರೆ ಎತ್ತುಗಳನ್ನು ಬಿಡಲಾಗದು. ಕಾರಹುಣ್ಣಿಮೆಯ ದಿನ ಎತ್ತಿನ ಬೆನ್ನ ಮೇಲೆ ಬೀಳುವ ಝೂಲವೂ ಹುಟ್ಟುವುದು ಇದೇ ಗಂಟಿನಿಂದ. ಅದಕ್ಕೆ ಬೇಕಾದದ್ದು ಮೆತ್ತಗಿನ ಬಟ್ಟೆಯಲ್ಲ, ಗಟ್ಟಿ ಬಟ್ಟೆ. ಹಳೆ ಜಮಖಾನೆಯೋ ಗೋಣಿಯೋ ಅಡಿಗೆ, ಮೇಲೆ ಕೆಂಪು, ಹಳದಿ, ಹಸಿರು ಬಟ್ಟೆಯ ತುಂಡುಗಳು, ನಡುನಡುವೆ ಕನ್ನಡಿ ಬಿಲ್ಲೆ, ಸುತ್ತಲೂ ದಡಿಯಂಚು, ನಾಲ್ಕು ಕಡೆ ಗೊಂಡೆ. ಮನೆಯವರು ಹೊದೆಯುವ ಕೌದಿಗಿಂತ ಹೆಚ್ಚಿನ ಕಕ್ಕುಲಾತಿಯಿಂದ ಇದನ್ನು ಹೊಲಿಯುತ್ತಾರೆ. ಕೊಂಬಿಗೆ ಬಣ್ಣ ಬಳಿದು, ಹಣೆಗೆ ಗೊಂಡೆ ಕಟ್ಟಿ, ಝೂಲ ಹೊದಿಸಿದ ಜೋಡಿ ಓಣಿಯಲ್ಲಿ ಬಂದರೆ ಆ ವರ್ಷ ಹೊಲದಲ್ಲಿ ದುಡಿದವರು ಯಾರೆಂದು ಊರಿಗೆಲ್ಲ ತಿಳಿಯುತ್ತದೆ.

ಉಗರಗೋಳಕ್ಕೆ ಈ ಬಣ್ಣಗಳೆಲ್ಲ ಒಟ್ಟಿಗೆ ನುಗ್ಗಿ ಬರುವುದು ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ದಿನಗಳಲ್ಲಿ. ರೇಣುಕಾ ಯಲ್ಲಮ್ಮನ ಗುಡ್ಡದ ಬುಡದಲ್ಲೇ ಇರುವ ಊರಿದು. ಕರ್ನಾಟಕ, ಮಹಾರಾಷ್ಟ್ರದ ಕಡೆಯಿಂದ ಲಕ್ಷಗಟ್ಟಲೆ ಜನ ಬರುತ್ತಾರೆ. ಜೋಗುಳಬಾವಿಯಲ್ಲಿ ಮಿಂದು, “ಉಧೋ ಉಧೋ” ಎನ್ನುತ್ತ, ಭಂಡಾರ ಎರಚುತ್ತ ಗುಡ್ಡ ಹತ್ತುತ್ತಾರೆ. ಮೊದಲು ಕೊಲ್ಲಾರಿ ಚಕ್ಕಡಿಗಳ ಸಾಲು ಹರದಾರಿ ಉದ್ದಕ್ಕೆ ನಿಲ್ಲುತ್ತಿತ್ತು. ಚಕ್ಕಡಿಯ ಒಳಗೆ ಕಣಿಕೆ, ಕಣಿಕೆಯ ಮೇಲೆ ಕೌದಿ, ಕೌದಿಯ ಮೇಲೆ ಮುದುಕರು, ಮಕ್ಕಳು, ಕಡಬು-ಹೋಳಿಗೆಯ ಬುಟ್ಟಿ. ಗುಡ್ಡದ ಮೇಲೆ ದೇವಿಯ ಬುಟ್ಟಿಯಾದ ಪರಡಿಯನ್ನು ತುಂಬಿಸುವವರೆಗೆ ಎರಡು ಮೂರು ರಾತ್ರಿ ಬಯಲಲ್ಲೇ ವಸತಿ. ಮಲಪ್ರಭೆಯ ನವಿಲುತೀರ್ಥದ ಅಣೆಕಟ್ಟಿನ ಹಿನ್ನೀರು ಹತ್ತಿರವೇ ಇರುವುದರಿಂದ ಪುಷ್ಯ, ಮಾಘದ ಬೆಳಗಿನ ಗಾಳಿ ಮೂಳೆಗೆ ಇಳಿಯುತ್ತದೆ. ಆ ಗಾಳಿಯನ್ನು ತಡೆಯುವ ಶಕ್ತಿ ನಾಲ್ಕು ಪದರದ ಹಳೆ ಸೀರೆಗಿದೆ. ಯಾತ್ರೆ ನೋಡಿದವರು ಗುಡಿ, ಜನ, ಭಂಡಾರದ ಹಳದಿಯನ್ನು ವರ್ಣಿಸುತ್ತಾರೆ. ಬಯಲಲ್ಲಿ ಹಾಸಿದ ಸಾವಿರಾರು ಕೌದಿಗಳ ಬಗ್ಗೆ ಯಾರಾದರೂ ಬರೆಯಬೇಕು. ಒಂದರಂತೆ ಇನ್ನೊಂದಿಲ್ಲದ, ಒಂದೊಂದೂ ಒಂದು ಮನೆಯ ವಂಶಾವಳಿಯಾದ ಅಂಥ ಪ್ರದರ್ಶನವನ್ನು ಯಾವ ಸಂಗ್ರಹಾಲಯವೂ ಮಾಡಲಾರದು.

ಜೋಗತಿಯರು ಯಲ್ಲಮ್ಮನ ಕೊಡವನ್ನು ತಲೆಯ ಮೇಲೆ ಹೊತ್ತು ಕುಣಿಯುವುದನ್ನು ಇದೇ ಬಯಲಲ್ಲಿ ಕಾಣಬಹುದು. ಕೈ ಹಿಡಿಯದೆ, ಬಾಗಿ, ಕೂತು, ಗಿರಕಿ ಹೊಡೆದರೂ ಕೊಡ ಬೀಳುವುದಿಲ್ಲ. ಜೋಗತಿ ನೃತ್ಯಕ್ಕೆ ಬಾಳನ್ನೇ ಕೊಟ್ಟ ಮಂಜಮ್ಮ ಜೋಗತಿಯವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಈ ಸೀಮೆಯೆಲ್ಲ ಸಂತೋಷಪಟ್ಟಿತು. ತಲೆಹೊರೆಯ ಯಾವ ಕೆಲಸಕ್ಕೂ ನೆತ್ತಿಯ ಮೇಲೆ ಅರಿವಿಯ ಸಿಂಬಿ ಬೇಕು. ನೀರಿನ ಕೊಡಕ್ಕೆ, ಬುತ್ತಿಯ ಬುಟ್ಟಿಗೆ, ಜೋಕುಮಾರಸ್ವಾಮಿಯ ಬುಟ್ಟಿಗೆ ಕೂಡ. ಗಂಟಿನಲ್ಲಿ ಬೇರೆ ಯಾವುದಕ್ಕೂ ಬಾರದೆ ಉಳಿದ, ಬೆಳಕಿಗೆ ಹಿಡಿದರೆ ಜಾಳಿಗೆಯಂತೆ ಕಾಣುವ ಅರಿವಿಯನ್ನು ಹುರಿಮಾಡಿ ಸುತ್ತಿದಾಗಲೇ ಒಳ್ಳೆಯ ಸಿಂಬಿಯಾಗುವುದು. ಅದು ನೆತ್ತಿಯ ಆಕಾರವನ್ನು ತಾನೇ ಹಿಡಿಯುತ್ತದೆ. ಅದರ ಹೊರಮೈಗೆ ಬಣ್ಣದ ಪಟ್ಟಿ ಸುತ್ತಿ, ಕುಚ್ಚು ಬಿಟ್ಟು ಮದುವೆಯ ಸುರಗಿಯ ನೀರಿಗೆ ಇಡುವ ಮನೆಗಳಿವೆ. ತೀರ ಹರಕು ಬಟ್ಟೆಗೆ ಸಿಕ್ಕ ಈ ಗೌರವ ಚೆಂದದ್ದು.

ಇದೇ ಗುಡ್ಡದ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಬಿಡುವ ಪದ್ಧತಿಯೂ ನಡೆದು ಬಂದಿತ್ತು. 1982ರ ಕಾಯ್ದೆ ಅದನ್ನು ನಿಷೇಧಿಸಿತು. ಅದರಿಂದ ಹೊರಬಂದ ಹೆಣ್ಣುಮಕ್ಕಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ಲೇಖಕಿ ಸುಧಾ ಮೂರ್ತಿಯವರಿಗೆ ಅವರಲ್ಲಿ ಮೂರು ಸಾವಿರ ಜನ ಸೇರಿ ಒಂದು ಹೊದಿಕೆ ಕೊಟ್ಟರು. ಒಬ್ಬೊಬ್ಬಳದು ಒಂದೊಂದು ಹೊಲಿಗೆ. 2017ರಲ್ಲಿ ಬಂದ ಅವರ ‘ಥ್ರೀ ಥೌಸಂಡ್ ಸ್ಟಿಚಸ್’ ಪುಸ್ತಕದ ಹೆಸರಿನ ಮೂಲ ಅದೇ. ಕೊಡಲು ಅವರು ಬೇರೆ ಏನನ್ನಾದರೂ ಆರಿಸಬಹುದಿತ್ತು. ಈ ಸೀಮೆಯಲ್ಲಿ ತಮ್ಮವರೆಂದು ಬಗೆದವರಿಗೆ ಕೊಡುವುದು ಹೊದಿಕೆಯನ್ನೇ. ಮಗಳು ಗಂಡನ ಮನೆಗೆ ಹೋಗುವಾಗ ಕೌದಿ, ಬಾಣಂತನ ಮುಗಿಸಿ ಹೋಗುವಾಗ ತೊಟ್ಟಿಲ ಕೌದಿ.

ತೊಟ್ಟಿಲ ಜೊತೆಗೆ ಗಿಳಿಗಳೂ ಹೋಗುತ್ತವೆ. ಹಸಿರು ಖಣದ ಚೂರಿಗೆ ಹತ್ತಿ ತುಂಬಿ, ಕೆಂಪು ಚೂರಿನ ಕೊಕ್ಕು ಹಚ್ಚಿ, ಕರಿಮಣಿಯ ಕಣ್ಣಿಟ್ಟು ಒಂದರ ಕೆಳಗೊಂದು ಪೋಣಿಸಿದ ಅರಿವಿ ಗಿಳಿಗಳು. ಕೂಸಿನ ಕಣ್ಣು ಮೊದಲು ನಿಲ್ಲುವುದು ಅವುಗಳ ಮೇಲೆ. ಕೂಸು ದೊಡ್ಡದಾದ ಮೇಲೆ ಗಿಳಿಗಳು ಬಾಗಿಲ ತೋರಣಕ್ಕೆ ಏರುತ್ತವೆ, ಮಾವಿನೆಲೆಯ ಆಕಾರದ ಬಟ್ಟೆಯ ಎಲೆಗಳ ನಡುವೆ ತೂಗುತ್ತವೆ. ಮಿಕ್ಕಿದ ಚಿಂದಿ ಗೊಂಬೆಯ ಹೊಟ್ಟೆಗೆ. ಅರಿವಿ ಗೊಂಬೆಗೆ ಸೀರೆ ಉಡಿಸಿ ಮದುವೆ ಮಾಡುವ ಆಟ ಆಡಿದ ಹುಡುಗಿಯರು ಅಲ್ಲಿಯೇ ಮೊದಲ ಬಾರಿ ಸೂಜಿ ಹಿಡಿದಿರುತ್ತಾರೆ. ಯಾವ ಬಟ್ಟೆ ನೆರಿಗೆ ಹಿಡಿಯುತ್ತದೆ, ಯಾವುದು ಜಾರುತ್ತದೆ ಎಂದು ಅವರ ಬೆರಳು ಕಲಿಯುವುದೂ ಅಲ್ಲಿಯೇ.

ಮಾನವಮಿಗೆ ಮುಂಚೆ ಮನೆಯ ಕೌದಿಗಳೆಲ್ಲ ಹಳ್ಳಕ್ಕೆ ಹೋಗುವುದು ಇಂದಿಗೂ ನಿಂತಿಲ್ಲ. ನೀರು ಕುಡಿದ ಕೌದಿಯನ್ನು ಒಬ್ಬರೇ ಎತ್ತಲಾಗುವುದಿಲ್ಲ. ಆ ತುದಿಗೊಬ್ಬಳು, ಈ ತುದಿಗೊಬ್ಬಳು ನಿಂತು ಎದುರುಬದುರು ತಿರುವಿ ಹಿಂಡಬೇಕು. ನೆರೆಮನೆಯವರೊಂದಿಗೆ ಮಾತು ಬಿಟ್ಟವರೂ ಆ ದಿನ ಮಾತಾಡಲೇಬೇಕಾಗುತ್ತದೆ. ಹರಿದ ಕೌದಿಯನ್ನು ಬಿಸಾಡುವುದಿಲ್ಲ, ಹೊಸ ಕೌದಿಯ ಒಳಪದರಕ್ಕೆ ಹಾಕುತ್ತಾರೆ. ಹೀಗೆ ಕೌದಿಯೊಳಗೆ ಕೌದಿ, ಅದರೊಳಗೆ ಇನ್ನೊಂದು ಸೇರಿ, ಅಜ್ಜಿಯ ಅಜ್ಜಿ ಉಟ್ಟ ಸೀರೆಯ ಎಳೆಗಳು ಕಾಣದ ಪದರದಲ್ಲಿ ಉಳಿದಿರುವುದು ಸಾಧ್ಯ.

ಈಗ ಚಕ್ಕಡಿಗಳು ಕಡಿಮೆಯಾಗಿ ಯಲ್ಲಮ್ಮನ ಗುಡ್ಡಕ್ಕೆ ಟ್ರ್ಯಾಕ್ಟರುಗಳು ಬರುತ್ತವೆ. ಎಂಜಿನ್ ಮುಂದೆ ಎತ್ತಿನ ಹಣೆಗೊಂಡೆ, ಮಡ್‌ಗಾರ್ಡಿನ ಮೇಲೆ ಝೂಲದ ತುಂಡು, ಚಾಲಕನ ಸೀಟಿಗೆ ಜಡೆ ಹೆಣೆದ ಸೀರೆಯ ಮೆತ್ತೆ, ಟ್ರೇಲರಿನಲ್ಲಿ ಕಣಿಕೆಯ ಮೇಲೆ ಎಂದಿನಂತೆ ಕೌದಿ. ಸೀಟಿನ ಮೆತ್ತೆಗೆ ಮಾತ್ರ ನೈಲೆಕ್ಸ್ ಸೀರೆಯೇ ಆಗಬೇಕು ಎನ್ನುತ್ತಾರೆ ಹೆಣೆಯುವವರು. ಬಿಸಿಲಿಗೆ ಬಣ್ಣ ಹೋಗುವುದಿಲ್ಲ, ಡೀಸೆಲ್ ಬಿದ್ದರೂ ಒಗೆದರೆ ಬಿಡುತ್ತದೆ. ಹತ್ತಿ ಸೀರೆ ಕೇಳಿದರೆ, ಅದು ಸೊಸೆಯ ಬಾಣಂತನಕ್ಕೆ ಎತ್ತಿಟ್ಟದ್ದು, ಮುಟ್ಟಬೇಡ ಎನ್ನುತ್ತಾರೆ.